ತಕ್ಕಡಿ ಮೊದಲು ಕ್ಯಾಂಟೀನಿಗೆ ಹೋಗಲಿ

ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಳೆದ ವರ್ಷ ಆರೋಗ್ಯ ಶಿಬಿರ ನಡೆಯಿತು. ಮೊದಲ ಪಾಳಿ ಮುಗಿಸಿದವರನ್ನು ಬಸ್ಸು ಹತ್ತುವ ಮೊದಲೇ ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ಸೊಂಟದ ಸುತ್ತಳತೆಗಳನ್ನು ತೆಗೆದುಕೊಂಡರು. ತೂಕ ನೋಡುವವನೊಬ್ಬ, ಬರೆದುಕೊಳ್ಳುವವನೊಬ್ಬ. ಇಬ್ಬರ ನಡುವೆ ಹತ್ತು ಅಡಿಯ ಅಂತರ. ಆದ್ದರಿಂದ ಪ್ರತಿಯೊಬ್ಬರ ತೂಕವನ್ನೂ ಸಂತೆಯಲ್ಲಿ ಹರಾಜು ಕೂಗುವಂತೆ ಕೂಗಿದರು. ತಳಿ ಕಡೆಯಿಂದ ಬರುವ ಹೆಣ್ಣುಮಗಳೊಬ್ಬಳು, ನಮ್ಮ ಸಂಘದ ಮನೆಯವಳೇ, ಯಂತ್ರದ ಮೇಲೆ ನಿಂತಾಗ ಕೂಗಿದ ಅಂಕಿಗೆ ಸಾಲಿನಲ್ಲಿ ನಗು ಎದ್ದಿತು. ಮರುವಾರ ಸೂಚನಾ ಫಲಕದ ಮೇಲೆ ವಿಭಾಗವಾರು ಪಟ್ಟಿ ಬಂತು. ಮೂರು ತಿಂಗಳಲ್ಲಿ ಯಾವ ವಿಭಾಗ ಹೆಚ್ಚು ತೂಕ ಇಳಿಸುತ್ತದೆಯೋ ಆ ವಿಭಾಗಕ್ಕೆ ಬಹುಮಾನ. ಆಕೆಯ ವಿಭಾಗದವರು ಅಂದಿನಿಂದ ಆಕೆಯ ಊಟದ ಡಬ್ಬಿಯನ್ನು ಎಣಿಸತೊಡಗಿದರು. ಆಕೆ ರಾತ್ರಿಯೂಟ ಬಿಟ್ಟಳು. ಒಂದು ತಿಂಗಳ ನಂತರ ಯಂತ್ರದ ಬಳಿ ತಲೆ ಸುತ್ತಿ ಕುಳಿತಳು. ಮನೆಯಲ್ಲಿ ತಾಯಿ ಗದರಿದಾಗ, “ಅವ್ವಾ, ನನ್ನಿಂದ ಎಲ್ಲರ ಬಹುಮಾನ ಹೋಗುತ್ತದಂತೆ” ಎಂದಳಂತೆ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಹೊಟ್ಟೆಯ ಮಾತೇಕೆ ಎಂದು ಹುಬ್ಬೇರಿಸುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ನಮ್ಮ ಉತ್ತರ ಸರಳವಾದುದು. ಈ ಸೀಮೆಯ ಕನ್ನಡಿಗರು ಹೊಲ ಬಿಟ್ಟು ಕಾರ್ಖಾನೆಯ ಸೈರನ್ನಿಗೆ ಕಿವಿಗೊಟ್ಟು ಎರಡು ತಲೆಮಾರುಗಳೇ ಆದವು. ಡೆಂಕಣಿಕೋಟೆ, ಬಾಗಲೂರು, ತಳಿಗಳಿಂದ ಬೆಳಗಿನ ಜಾವ ಹೊರಡುವ ಬಸ್ಸುಗಳಲ್ಲಿ ಕೇಳಿಬರುವ ಕನ್ನಡ ನಮ್ಮ ಸಭಾಂಗಣದ ಕನ್ನಡಕ್ಕಿಂತ ಹೆಚ್ಚು ಜೀವಂತವಾದುದು. ಅಲ್ಲದೆ ನಮ್ಮ ಸಂಘದ ಪಂಕ್ತಿಯಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕದ ಮಾಲೀಕರೂ, ಅವರ ಘಟಕದಲ್ಲಿಯೇ ದುಡಿಯುವವರೂ ಒಂದೇ ಸಾಲಿನಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತಾರೆ. ಇಬ್ಬರಿಗೂ ಒಟ್ಟಿಗೆ ಒಂದು ಮಾತು ಹೇಳಲು ಇದಕ್ಕಿಂತ ತಕ್ಕ ಜಾಗ ನಮಗೆ ಬೇರೆ ಸಿಗದು.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ರೋಗ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 40.4, ಪುರುಷರಲ್ಲಿ ಶೇ. 37 ಮಂದಿ ಅಧಿಕ ತೂಕದವರು ಅಥವಾ ಬೊಜ್ಜುಳ್ಳವರು. ಇಡೀ ದೇಶದ ಲೆಕ್ಕದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 24 ಮತ್ತು ಶೇ. 22.9 ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆಂದು ಲೆಕ್ಕ ಹಾಕಿದೆ. ನಮ್ಮ ಸಂಘದ ಶ್ರದ್ಧಾಂಜಲಿ ಸಭೆಗಳಲ್ಲಿ ಐವತ್ತು ತುಂಬದವರ ಭಾವಚಿತ್ರಗಳು ಹೆಚ್ಚುತ್ತಿರುವುದನ್ನು ಯಾವ ಸಮೀಕ್ಷೆಯೂ ನಮಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯವನ್ನು ಗಮನಿಸಬಾರದೆಂದು ನಾವು ಹೇಳುತ್ತಿಲ್ಲ. ನಮ್ಮ ಜಗಳ ಇರುವುದು ಗಮನ ಯಾವುದರ ಮೇಲೆ ಬೀಳುತ್ತದೆ ಎಂಬುದರ ಬಗ್ಗೆ.

ಮಾಲೀಕರ ಮನೋಭಾವವನ್ನು ನಾವು ಬಲ್ಲೆವು. ಅವರೊಡನೆ ಕುಳಿತು ಮಾತಾಡಿದ್ದೇವೆ. ಅವರಲ್ಲಿ ಕೆಲವರಿಗೆ ನಿಜವಾದ ಮರುಕವಿದೆ. ಕಣ್ಣೆದುರೇ ಹೃದಯಾಘಾತದಿಂದ ಕುಸಿದ ನೌಕರನ ಮನೆಗೆ ಸುದ್ದಿ ಹೇಳಲು ಹೋದವರು ಅವರು. ಉಳಿದವರಿಗೆ ಗುಂಪು ವಿಮೆಯ ಕಂತು ಏರುವ ಚಿಂತೆ, ರಜೆಗಳ ಚಿಂತೆ. ಅದೂ ತಪ್ಪಲ್ಲ, ವ್ಯಾಪಾರ ಮಾಡುವವನು ಲೆಕ್ಕ ನೋಡದೆ ಇರಲಾರ. ಆದರೆ ಮರುಕದವರಲ್ಲಿಯೂ ಲೆಕ್ಕದವರಲ್ಲಿಯೂ ಒಂದು ನಂಬಿಕೆ ಸಮಾನವಾಗಿದೆ: ನೌಕರನ ದೇಹ ನೌಕರನ ಸ್ವಂತ ಅಜಾಗರೂಕತೆಯ ಫಲ, ಕಾರ್ಖಾನೆಗೂ ಅದಕ್ಕೂ ಸಂಬಂಧವಿಲ್ಲ, ತಾವು ಮಾಡುತ್ತಿರುವುದು ಉಪಕಾರ. ಈ ನಂಬಿಕೆಯನ್ನೇ ನಾವು ಪ್ರಶ್ನಿಸುತ್ತೇವೆ.

ಇನ್ನು ಕಾರ್ಮಿಕರ ಮನೋಭಾವ. ಅವರನ್ನೂ ನಾವು ಬಿಡಲಾರೆವು. ಒಂದು ವರ್ಗಕ್ಕೆ ಇದೆಲ್ಲ ತಮಾಷೆ. ತೂಕ ಮಾಡುವ ಹಿಂದಿನ ದಿನ ಊಟ ಬಿಟ್ಟು, ಮುಂದಿನ ದಿನ ಎರಡರಷ್ಟು ತಿಂದು ಬಹುಮಾನ ಗೆದ್ದವರ ಕಥೆಗಳನ್ನು ಬಸ್ಸಿನಲ್ಲಿ ಹೇಳಿ ನಗಿಸುತ್ತಾರೆ. ಗುತ್ತಿಗೆಯ ಮೇಲೆ ದುಡಿಯುವವರಿಗೆ ಅದು ಭಯ. ಇಂದು ಬರೆದುಕೊಂಡ ಸಕ್ಕರೆಯ ಅಂಕಿ, ರಕ್ತದೊತ್ತಡದ ಅಂಕಿ ನಾಳೆ ಗುತ್ತಿಗೆ ನವೀಕರಿಸುವಾಗ ಯಾರ ಮೇಜಿನ ಮೇಲಿರುತ್ತದೆಂದು ಅವರಿಗೆ ಯಾರೂ ಹೇಳಿಲ್ಲ. ಆ ಭಯವನ್ನು ಅಜ್ಞಾನವೆನ್ನಲು ನಮಗೆ ಬಾಯಿ ಬರುವುದಿಲ್ಲ. ಮೂರನೆಯವರು ಅಪಮಾನವನ್ನು ನುಂಗಿಕೊಂಡವರು. ತಪ್ಪೆಲ್ಲ ತಮ್ಮದೇ ಎಂದು ನಂಬಿದವರು. ಮೇಲೆ ಹೇಳಿದ ಹೆಣ್ಣುಮಗಳು ಆ ಸಾಲಿನವಳು. ಮಾಲೀಕರ ನಂಬಿಕೆಯನ್ನು ಕಾರ್ಮಿಕನೇ ನಂಬಿಬಿಟ್ಟರೆ ಮುಂದೆ ವಾದಿಸುವವರು ಯಾರು? ಇಷ್ಟಕ್ಕೂ, ಮದುವೆ ಮನೆಯಲ್ಲಿ ಸಣ್ಣಗಿರುವ ಮಗುವನ್ನು ಕಂಡು “ಅನ್ನ ಹಾಕೋದಿಲ್ಲವೇನಮ್ಮಾ” ಎಂದು ತಾಯಿಯನ್ನು ಹಂಗಿಸುವವರೂ, ಅದೇ ಮಗು ಬೆಳೆದು ದಪ್ಪಗಾದಾಗ ಸೀರೆಯ ಅಂಗಡಿಯಲ್ಲಿ ಮುಸಿಮುಸಿ ನಗುವವರೂ ನಾವೇ ಅಲ್ಲವೆ? ಕಾರ್ಖಾನೆಯ ಸಾಲಿನಲ್ಲಿ ನಕ್ಕವರೂ ನಮ್ಮ ಮನೆಯ ಮಕ್ಕಳೇ.

ಇಂಥ ಕಾರ್ಯಕ್ರಮಗಳಿಂದ ಫಲ ಉಂಟೆ ಎಂಬ ಪ್ರಶ್ನೆಯನ್ನು ನಮಗಿಂತ ಮೊದಲು ಇವುಗಳನ್ನು ಆರಂಭಿಸಿದ ದೇಶಗಳವರೇ ಕೇಳಿದ್ದಾರೆ. ಅಮೆರಿಕದಲ್ಲಿ ಸುಮಾರು 33,000 ನೌಕರರಿದ್ದ ಸಗಟು ಮಾರಾಟ ಸಂಸ್ಥೆಯೊಂದರ 160 ಮಳಿಗೆಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನು ಆಯ್ದು, ಅಲ್ಲಿ ಮಾತ್ರ ಆರೋಗ್ಯ ಕಾರ್ಯಕ್ರಮ ನಡೆಸಿ, ಉಳಿದವುಗಳೊಡನೆ ಹೋಲಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಹದಿನೆಂಟು ತಿಂಗಳ ನಂತರ ನೌಕರರು ತಾವು ವ್ಯಾಯಾಮ ಮಾಡುತ್ತಿರುವುದಾಗಿಯೂ ತೂಕದ ಮೇಲೆ ಕಣ್ಣಿಟ್ಟಿರುವುದಾಗಿಯೂ ಹೆಚ್ಚಾಗಿ ಹೇಳಿಕೊಂಡರು. ಆದರೆ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್, ಆಸ್ಪತ್ರೆಯ ಖರ್ಚು, ಗೈರುಹಾಜರಿ, ಇವು ಯಾವುದರಲ್ಲಿಯೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ನೌಕರರ ಮೇಲೆ ನಡೆದ ಇನ್ನೊಂದು ಪರೀಕ್ಷೆ ಇನ್ನೂ ಸ್ವಾರಸ್ಯಕರ ಸಂಗತಿಯನ್ನು ಹೊರಗೆಡವಿತು. ಕಾರ್ಯಕ್ರಮಕ್ಕೆ ತಾವಾಗಿ ಮುಂದೆ ಬಂದವರು ಮೊದಲೇ ಆರೋಗ್ಯವಾಗಿದ್ದವರು, ಮೊದಲೇ ಕಡಿಮೆ ಖರ್ಚಿನವರು! ಅವರನ್ನು ತೋರಿಸಿ “ನೋಡಿ, ನಮ್ಮ ಕಾರ್ಯಕ್ರಮದ ಫಲ” ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದರು. ಪೆನ್ಸಿಲ್ವೇನಿಯಾದಲ್ಲಿ ಬೊಜ್ಜುಳ್ಳ 197 ನೌಕರರಿಗೆ ತೂಕ ಇಳಿಸಿದರೆ ವಿಮೆಯ ಕಂತಿನಲ್ಲಿ 550 ಡಾಲರ್ ರಿಯಾಯಿತಿ ಎಂಬ ಆಸೆ ತೋರಿಸಿದರು. ವರ್ಷದ ಕೊನೆಗೆ, ಆಸೆ ತೋರಿಸದೆ ಬಿಟ್ಟವರಿಗೂ ಇವರಿಗೂ ಭೇದವೇ ಇರಲಿಲ್ಲ.

ಜಪಾನಿನವರು 2008ರಿಂದ 40ರಿಂದ 74 ವಯಸ್ಸಿನವರೆಲ್ಲರ ಸೊಂಟಕ್ಕೆ ವರ್ಷಕ್ಕೊಮ್ಮೆ ಟೇಪು ಹಿಡಿಸುತ್ತಿದ್ದಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಮೀರಿದವರಲ್ಲಿ ರಕ್ತದೊತ್ತಡ, ಸಕ್ಕರೆಗಳೂ ಕೆಟ್ಟಿದ್ದರೆ ಸಲಹೆಯ ತರಗತಿ. ಅಲ್ಲಿಯೂ ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಕಂಡದ್ದು ಕಿಂಚಿತ್ ತೂಕದ ಇಳಿಕೆ. ಹೃದಯಕ್ಕೆ ಕುತ್ತು ತರುವ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಆದರೂ ಜಪಾನಿನ ಪದ್ಧತಿಯಲ್ಲಿ ಒಂದು ಮರ್ಯಾದೆಯಿದೆ: ಅಂಕಿ ಮೀರಿದ್ದಕ್ಕೆ ವ್ಯಕ್ತಿಗೆ ದಂಡವಿಲ್ಲ, ಭಾರ ಬೀಳುವುದು ವಿಮಾ ಸಂಘಗಳ ಮೇಲೆ. ನಮ್ಮಲ್ಲಿಯೋ, ನಕಲು ಮಾಡುವಾಗ ಟೇಪನ್ನು ತಂದೆವು, ಮರ್ಯಾದೆಯನ್ನು ಅಲ್ಲಿಯೇ ಬಿಟ್ಟೆವು.

ನಮ್ಮಿಂದ ಒಂದು ಗಂಟೆಯ ದಾರಿಯಾದ ಬೆಂಗಳೂರಿನಲ್ಲಿ ಜೆರೋಧಾ ಎಂಬ ಷೇರು ವಹಿವಾಟಿನ ಸಂಸ್ಥೆ 2022ರ ವಿಶ್ವ ಆರೋಗ್ಯ ದಿನದಂದು ತನ್ನ ನೌಕರರಿಗೆ ಒಂದು ಕೊಡುಗೆ ಪ್ರಕಟಿಸಿತು: ದೇಹತೂಕದ ಸೂಚ್ಯಂಕ 25ಕ್ಕಿಂತ ಕೆಳಗಿರುವವರಿಗೆ ಅರ್ಧ ತಿಂಗಳ ಸಂಬಳ ಹೆಚ್ಚುವರಿ, ಎಲ್ಲರ ಸರಾಸರಿ ಇಳಿದರೆ ಎಲ್ಲರಿಗೂ ಮತ್ತೆ ಅರ್ಧ ತಿಂಗಳದು. ಸದುದ್ದೇಶ ಇದ್ದಿರಬಹುದು. ಅನೇಕರು ಮೆಚ್ಚಿದರು, ಅನೇಕರು ಅಂದೇ ಟೀಕಿಸಿದರು. ಥೈರಾಯ್ಡ್ ತೊಂದರೆಯಿರುವವಳು, ಹೆರಿಗೆಯಾಗಿ ವರ್ಷವಾಗದವಳು, ಸ್ಟಿರಾಯ್ಡ್ ಮಾತ್ರೆ ನುಂಗುವವನು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲಬೇಕು? ಎಲ್ಲರ ಸರಾಸರಿಯನ್ನು ಕೆಡಿಸಿದವರೆಂದು ನಿಲ್ಲಬೇಕು. ಬಹುಮಾನ ದಂಡನೆಯಾಗಲು ದೂರವೇನೂ ಇಲ್ಲ. ಸರ್ಕಾರದ ಒಡೆತನದಲ್ಲಿದ್ದಾಗಲೇ ಏರ್ ಇಂಡಿಯಾ 2009ರ ಆರಂಭದಲ್ಲಿ ತೂಕ ಮಿತಿ ಮೀರಿದ ಗಗನಸಖಿಯರನ್ನು ಕೆಲಸದಿಂದಲೇ ತೆಗೆಯಿತು. ಅದಕ್ಕೆ ಹಿಂದಿನ ವರ್ಷ ದೆಹಲಿ ಉಚ್ಚ ನ್ಯಾಯಾಲಯ ಆ ತೂಕದ ನಿಯಮವನ್ನು ಎತ್ತಿಹಿಡಿದಿತ್ತು. ತಕ್ಕಡಿಗೆ ಉದ್ಯೋಗವನ್ನು ಕಟ್ಟಿಹಾಕಿದರೆ ಅದು ಎಲ್ಲಿಯವರೆಗೆ ಎಳೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಅಷ್ಟೊಂದು ನಂಬಿಕೆಗೆ ಆ ಸೂಚ್ಯಂಕ ಅರ್ಹವೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂನ ಕೆಟಲೆ ಎಂಬ ಗಣಿತಜ್ಞ, ಖಗೋಳಜ್ಞ, ಜನಸಮುದಾಯಗಳ ಸರಾಸರಿಯನ್ನು ತಿಳಿಯಲು ಮಾಡಿದ ಲೆಕ್ಕ ಅದು. ಒಬ್ಬೊಬ್ಬ ಮನುಷ್ಯನ ಆರೋಗ್ಯವನ್ನು ಅಳೆಯಲು ಹುಟ್ಟಿದ್ದಲ್ಲ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ, ಅಷ್ಟೇ. 170 ಸೆಂಟಿಮೀಟರ್ ಎತ್ತರದ, 75 ಕಿಲೋ ತೂಗುವ, ದಿನವಿಡೀ ಮೂಟೆ ಹೊರುವ ಹಮಾಲಿಯ ಸೂಚ್ಯಂಕ 26ರ ಹತ್ತಿರ. ಭಾರತೀಯರಿಗೆ ವೈದ್ಯರು ಹಾಕಿಕೊಂಡ ಗೆರೆಯಂತೆ ಆತ ಬೊಜ್ಜುಳ್ಳವನು. ತೋಳು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ, ಕುರ್ಚಿ ಬಿಟ್ಟೇಳದ ಗುಮಾಸ್ತ 23ರೊಳಗೆ ನಿಂತು ಆರೋಗ್ಯವಂತನೆನಿಸಿಕೊಳ್ಳುತ್ತಾನೆ. 2025ರ ಆರಂಭದಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವೇ ಈ ಅಂಕಿಯೊಂದರಿಂದಲೇ ಯಾರನ್ನೂ ರೋಗಿಯೆಂದು ನಿರ್ಧರಿಸಬಾರದೆಂದು ಹೇಳಿದೆ. ಸೂಚನಾ ಫಲಕದ ಪಟ್ಟಿಗೆ ಇಷ್ಟು ವಿವೇಕ ಎಲ್ಲಿಂದ ಬರಬೇಕು?

ಈಗ ಕ್ಯಾಂಟೀನಿನ ಒಳಕ್ಕೆ ಬನ್ನಿ. ಈ ಸೀಮೆ ರಾಗಿಯ ಸೀಮೆ. ಮುದ್ದೆ, ಹುರುಳಿ ಸಾರು, ಬಸ್ಸಾರು, ಉಪ್ಸಾರು ಉಂಡು ನೇಗಿಲು ಹಿಡಿದವರ ಮೊಮ್ಮಕ್ಕಳು ನಾವು. ಕಾರ್ಖಾನೆಯ ತಟ್ಟೆಯಲ್ಲಿ ಬೀಳುವುದೇನು? ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಕೇಳಿದಷ್ಟು. ನೀರಾದ ಸಾಂಬಾರು. ಪಲ್ಯವೆಂದರೆ ವಾರಕ್ಕೆ ಮೂರು ದಿನ ಆಲೂಗಡ್ಡೆ. ಬೇಳೆಯಾಗಲಿ ಕಾಳಾಗಲಿ ಚಮಚದ ಲೆಕ್ಕ. ಮೊಟ್ಟೆ ಬೇಕೆಂದರೆ ಬೇರೆ ಹಣ. ನಾಲ್ಕು ಗಂಟೆಗೆ ಬೋಂಡ ಅಥವಾ ಬಜ್ಜಿ, ಅದೂ ಬೆಳಗಿನಿಂದ ಕಾದ ಎಣ್ಣೆಯದು. ಪಾಳಿಯೊಂದರಲ್ಲಿ ಮೂರೋ ನಾಲ್ಕೋ ಬಾರಿ ಟೀ. ಸಕ್ಕರೆ ಬೆರೆಸಿಯೇ ಡ್ರಮ್ಮಿನಲ್ಲಿ ಬರುತ್ತದೆ, ಬೇಡವೆನ್ನಲು ದಾರಿಯಿಲ್ಲ. ಲೋಟಕ್ಕೆ ಎರಡು ಚಮಚದಂತೆ ಹಿಡಿದರೂ ನಾಲ್ಕು ಲೋಟಕ್ಕೆ ಸುಮಾರು 40 ಗ್ರಾಂ ಸಕ್ಕರೆ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆನ್ನುತ್ತದೆ. ಮಧುಮೇಹದ ಮಾತ್ರೆ ನುಂಗುವವನಿಗೂ ಅದೇ ಡ್ರಮ್ಮು. ಈ ತಟ್ಟೆಯನ್ನು ಬಡಿಸಿ, ಈ ಲೋಟವನ್ನು ಕೈಗಿಟ್ಟು, ಆಮೇಲೆ ಬಾಗಿಲಲ್ಲಿ ತಕ್ಕಡಿ ಇಟ್ಟು “ಏಕಯ್ಯಾ ದಪ್ಪಗಾದೆ” ಎಂದು ಕೇಳುವುದು ಯಾವ ನ್ಯಾಯ?

ತಟ್ಟೆಯ ಮೇಲೆ ಗಡಿಯಾರವೂ ಇದೆ. ಮೊದಲ ಪಾಳಿಗೆ ಬರುವವನು ಹಳ್ಳಿಯಲ್ಲಿ ನಾಲ್ಕಕ್ಕೆ ಎದ್ದು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುತ್ತಾನೆ. ರಾತ್ರಿ ಪಾಳಿಯವನು ಹಗಲಲ್ಲಿ ತಗಡಿನ ಮನೆಯ ಸೆಕೆಯಲ್ಲಿ, ಮಕ್ಕಳ ಗಲಾಟೆಯಲ್ಲಿ ನಿದ್ದೆಗೆಡುತ್ತಾನೆ. ವಾರವಾರ ಪಾಳಿ ಬದಲಾದಂತೆ ಹಸಿವೆಯ ಹೊತ್ತು ಬದಲಾಗುತ್ತದೆ. ನಿದ್ದೆಗೆಟ್ಟ ದೇಹ ಹಸಿವನ್ನು ಹೆಚ್ಚಿಸಿಕೊಳ್ಳುತ್ತದೆ, ಸಿಹಿ ಮತ್ತು ಕರಿದ ಪದಾರ್ಥಗಳತ್ತ ಎಳೆಯುತ್ತದೆ, ರಾತ್ರಿ ಪಾಳಿಯವರಲ್ಲಿ ಮಧುಮೇಹ ಹೆಚ್ಚು ಎಂಬುದು ಇಂದು ವೈದ್ಯಲೋಕದಲ್ಲಿ ವಿವಾದದ ಮಾತಲ್ಲ. ಇಂಥ ದೇಹಕ್ಕೆ “ಬೆಳಿಗ್ಗೆ 40 ನಿಮಿಷ ನಡೆಯಿರಿ” ಎಂಬ ಭಿತ್ತಿಪತ್ರ! ಯಾವ ಬೆಳಿಗ್ಗೆ? 2023ರ ಫೆಬ್ರವರಿಯಲ್ಲಿ ಅತ್ತಿಬೆಲೆಯ ಆಚೆ ಕರ್ನಾಟಕದ ವಿಧಾನಮಂಡಲ ದಿನಕ್ಕೆ 12 ಗಂಟೆಯ ದುಡಿಮೆಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದೇ ಏಪ್ರಿಲ್‌ನಲ್ಲಿ ತಮಿಳುನಾಡಿನ ವಿಧಾನಸಭೆಯೂ ಅಂಥದೇ ಮಸೂದೆಗೆ ಒಪ್ಪಿಗೆ ಕೊಟ್ಟು, ಕಾರ್ಮಿಕ ಸಂಘಗಳೂ ಮಿತ್ರಪಕ್ಷಗಳೂ ಎದ್ದುನಿಂತ ಮೇಲೆ ಮೇ 1ರಂದು ಹಿಂತೆಗೆದುಕೊಂಡಿತು. ಗಡಿಯ ಎರಡು ಬದಿಗೂ ದಿನವೂ ಓಡಾಡುವ ನಮ್ಮವರಿಗೆ ಈ ಎರಡು ಸುದ್ದಿಗಳೂ ಮನೆಯ ಸುದ್ದಿಗಳೇ. ಹನ್ನೆರಡು ಗಂಟೆ ದುಡಿಸಲು ಹಂಬಲಿಸುವ ಉದ್ಯಮ ನೌಕರರ ಸೊಂಟದ ಬಗ್ಗೆ ಕಾಳಜಿ ತೋರಿದಾಗ ನಮಗೆ ಆ ಕಾಳಜಿಯ ಮೇಲೆ ಸಂಶಯ ಬಂದರೆ ಅದನ್ನು ಕೃತಘ್ನತೆ ಎನ್ನಬಾರದು.

ಭಾಷೆಯ ಮಾತನ್ನೂ ಎತ್ತಲೇಬೇಕು, ಇಲ್ಲವಾದರೆ ನಾವು ಕನ್ನಡ ಸಂಘದವರೇ ಅಲ್ಲ. ಮೇಲೆ ಹೇಳಿದ ಶಿಬಿರದಲ್ಲಿ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಉಪನ್ಯಾಸವೂ ಬಹುಪಾಲು ಇಂಗ್ಲಿಷಿನದೇ. ತಮಿಳಿನಲ್ಲಿಯಾದರೂ ಇದ್ದಿದ್ದರೆ ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯುತ್ತಿತ್ತು. ನಾವು ಮೂರು ಭಾಷೆಯ ಬೀದಿಯಲ್ಲಿ ಬೆಳೆದವರು. ಅಂಕಿಯನ್ನು ಮಾತ್ರ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಕೂಗಿ ಹೇಳಿದರು. ಯಾವುದಕ್ಕೆ ಸಹಿ ಹಾಕಿದೆ ಎಂದು ತಿಳಿಯದವನ ಒಪ್ಪಿಗೆ ಒಪ್ಪಿಗೆಯಲ್ಲ.

“ಹಾಗಾದರೆ ಏನೂ ಮಾಡದೆ ಸಾಯಲು ಬಿಡಬೇಕೆ?” ಎಂದು ಹೋದ ವರ್ಷದ ಕಾರ್ಯಕಾರಿ ಸಭೆಯಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಅವರು ಮಾಲೀಕರೂ ಹೌದು, ಮಧುಮೇಹಿಯೂ ಹೌದು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಮಾಡಬೇಕಾದುದು ಬಹಳವಿದೆ, ಮತ್ತು ಅದರಲ್ಲಿ ಅರ್ಧ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. 1948ರ ಕಾರ್ಖಾನೆ ಕಾಯ್ದೆಯ 46ನೆಯ ಕಲಮು 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನು ಇರಬೇಕೆಂದಿತು. ಅಷ್ಟಕ್ಕೇ ನಿಲ್ಲದೆ, ಏನು ಬಡಿಸಬೇಕು, ಯಾವ ಬೆಲೆಗೆ ಎಂಬುದಕ್ಕೆ ನಿಯಮ ಮಾಡುವ ಅಧಿಕಾರವನ್ನೂ, ಕ್ಯಾಂಟೀನು ನಡೆಸುವ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿರಬೇಕೆಂಬ ಮಾತನ್ನೂ ಅದರಲ್ಲಿ ಸೇರಿಸಿತು. 2020ರ ಸಂಹಿತೆ ಆ 250ನ್ನು 100ಕ್ಕೆ ಇಳಿಸಿ, ಗುತ್ತಿಗೆಯವರನ್ನೂ ಎಣಿಕೆಗೆ ತಂದಿತು. ಆ ಸಮಿತಿ ಎಷ್ಟು ಕಾರ್ಖಾನೆಗಳಲ್ಲಿ ಕೂರುತ್ತದೆ? ನಮ್ಮವರಲ್ಲಿ ಅದರ ಸದಸ್ಯರಾದವರನ್ನು ಕೇಳಿದೆವು. ಒಬ್ಬರು ಸಹಿ ಮಾಡಲು ಪುಸ್ತಕ ಬರುತ್ತದೆ ಎಂದರು; ಇನ್ನೊಬ್ಬರಿಗೆ ತಾವು ಸದಸ್ಯರೆಂಬುದೇ ನೆನಪಿರಲಿಲ್ಲ. ಕಾರ್ಮಿಕರಿಗೆ ನಮ್ಮ ನಿಷ್ಠುರ ಮಾತು ಇದು: ಬೋನಸ್ಸಿಗೆ ಬಾಗಿಲಲ್ಲಿ ಕೂರುವ ನಾವು ಊಟಕ್ಕೆ ಯಾವತ್ತು ಕೂತಿದ್ದೇವೆ? ಸಾಂಬಾರಿನಲ್ಲಿ ಹುಳು ಬಿದ್ದ ದಿನ ಮಾತ್ರ.

ಸಕ್ಕರೆ ಬೇರೆ, ಟೀ ಬೇರೆ ಬರಲಿ. ಅನ್ನದ ಪಕ್ಕದಲ್ಲಿ ಮುದ್ದೆಗೂ ಕಾಳಿಗೂ ಜಾಗವಿರಲಿ. ಪಾಳಿಯ ಬದಲಾವಣೆ ನಿದಾನವಾಗಲಿ, ಊಟದ ಅರ್ಧ ಗಂಟೆಯಲ್ಲಿ ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಸೇರಿಸದಿರಲಿ. ತಪಾಸಣೆ ಖಂಡಿತ ನಡೆಯಲಿ, ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ವೈದ್ಯರಿಂದ, ಗುತ್ತಿಗೆಯವರಿಗೂ ಕಾಯಂನವರಿಗೂ ಒಂದೇ ರೀತಿ. ಫಲಿತಾಂಶ ನೌಕರನ ಕೈಗೆ ಮಾತ್ರ, ಸಿಬ್ಬಂದಿ ವಿಭಾಗಕ್ಕಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದವನನ್ನು ಸಂಬಳ ಕತ್ತರಿಸದೆ ಇ.ಎಸ್.ಐ. ಆಸ್ಪತ್ರೆಗೆ ಕಳಿಸಲಿ, ಅದಕ್ಕಾಗಿ ಮಾಲೀಕರು ಶೇ. 3.25, ಕಾರ್ಮಿಕರು ಶೇ. 0.75 ಪ್ರತಿ ತಿಂಗಳೂ ಕಟ್ಟುತ್ತಲೇ ಇದ್ದಾರೆ. ತೂಕಕ್ಕೆ ಬಹುಮಾನವಾಗಲಿ ಪಟ್ಟಿಯಾಗಲಿ ಬೇಡ. ತೂಕ ಮಾಡಲೇಬೇಕೆಂಬ ಹಂಬಲವಿದ್ದರೆ ತಿಂಗಳಿಗೆ ಎಷ್ಟು ಟಿನ್ ಎಣ್ಣೆ, ಎಷ್ಟು ಮೂಟೆ ಸಕ್ಕರೆ ಅಡುಗೆಮನೆಗೆ ಹೋಯಿತೆಂಬುದನ್ನು ತೂಗಿ ಅದೇ ಸೂಚನಾ ಫಲಕಕ್ಕೆ ಹಾಕಲಿ.

ಪ್ರಶ್ನೆ ಕೇಳಿದ ಆ ಹಿರಿಯರ ಘಟಕದಲ್ಲಿ ಇರುವವರು ನಲವತ್ತು ಮಂದಿ. ಕಾನೂನಿನಂತೆ ಅಲ್ಲಿ ಕ್ಯಾಂಟೀನು ಬೇಕಿಲ್ಲ. ಊಟ ಹೊರಗಿನಿಂದ ಬರುತ್ತದೆ. ಸಭೆಯ ನಂತರ ಎರಡು ತಿಂಗಳು ನಮ್ಮೊಡನೆ ಮಾತು ಬಿಟ್ಟಿದ್ದರು. ಯುಗಾದಿಯ ಹೊತ್ತಿಗೆ ತಾವೇ ಬಂದು, ಅಡುಗೆಯವರಿಗೆ ವಾರಕ್ಕೆ ಮೂರು ದಿನ ಮುದ್ದೆ, ಕಾಳಿನ ಸಾರು ಮಾಡಲು ಹೇಳಿರುವುದಾಗಿಯೂ, ಟೀಯ ಸಕ್ಕರೆಯನ್ನು ಬೇರೆ ಡಬ್ಬಿಯಲ್ಲಿ ಇಡಿಸಿರುವುದಾಗಿಯೂ ತಿಳಿಸಿದರು. ಯಾರ ತೂಕ ಎಷ್ಟು ಇಳಿಯಿತೆಂದು ನಮ್ಮಲ್ಲಿಯೇ ಒಬ್ಬರು ಅವಸರದಿಂದ ಕೇಳಿದರು. ಅಳೆದಿಲ್ಲ ಎಂದರು. ಸಕ್ಕರೆಯ ಡಬ್ಬಿ ಮೊದಲು ಎರಡು ದಿನಕ್ಕೆ ಖಾಲಿಯಾಗುತ್ತಿದ್ದದ್ದು ಈಗ ನಾಲ್ಕು ದಿನ ಬರುತ್ತದಂತೆ; ಮುದ್ದೆಯ ದಿನ ಅನ್ನ ಉಳಿದು, ಸಂಜೆ ಅದನ್ನು ಒಯ್ಯಲು ಕಾವಲುಗಾರನ ಹೆಂಡತಿ ಪಾತ್ರೆ ಹಿಡಿದು ಬರುತ್ತಾಳಂತೆ.